ಮತ್ತ ವಾರದ ದಿನಾ?

ಮಂಗಳವಾರ, ಮಧ್ಯಾಹ್ನ ಎರಡು ಗಂಟೆ ಐವತ್ತು ನಿಮಿಷ. ಪಾಠ ಮುಗಿಯಲು ಇನ್ನೆಷ್ಟು ಹೊತ್ತಿದೆ ಎಂದು ನಾನು ಆಗಷ್ಟೇ ತರಗತಿಯ ಗಡಿಯಾರ ನೋಡಿದ್ದೆ. ಹಾಗಾಗಿ ಹೊತ್ತಿನ ವಿಷಯದಲ್ಲಿ ನನಗೆ ಸಂಶಯವಿಲ್ಲ. ಉಳಿದ ವಿಷಯಗಳಲ್ಲಿ ಇದೆ.

ಇಂಥವನ್ನು ನಾನು ನಂಬಿದವಳಲ್ಲ. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದೇನೆ. ಧಾರವಾಡದ ಸಪ್ತಾಪುರದಲ್ಲಿ ಒಂದು ಕೋಚಿಂಗ್ ಸೆಂಟರಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಯಾರಿಗಾದರೂ ಯಾರದೋ ದನಿ ಕೇಳಿತೆಂದರೆ, "ಊಟಾ ಬರೊಬ್ಬರಿ ಮಾಡಿದ್ರಿಲ್ಲೋ?" ಎಂದು ಕೇಳಿ ನಗುತ್ತಿದ್ದೆ. ಈಗ ಬೇರೆಯವರು ನನ್ನನ್ನು ಹಾಗೆ ಕೇಳಿದರೆ ನನಗೆ ಸಿಟ್ಟು ಬರುವುದಿಲ್ಲ.

ನನ್ನನ್ನು ಬೆಳೆಸಿದವಳು ಅತ್ತಿ, ನನ್ನ ಅಪ್ಪನ ಅಕ್ಕ. ಸರಕಾರಿ ಕಚೇರಿಯೊಂದರಲ್ಲಿ ಕನ್ನಡ ಟೈಪಿಸ್ಟ್ ಆಗಿದ್ದಳು. ಮದುವೆಯಾಗಲಿಲ್ಲ. ಮನೆಯಲ್ಲಿ ನಾವಿಬ್ಬರೇ. ನಲವತ್ತು ವರ್ಷಗಳಿಂದ ಸೋಮವಾರ ಹಿಡಿದಿದ್ದಳು. ನಮ್ಮ ಕಡೆ ವಾರ ಎಂದರೆ ಏಳು ದಿನವೂ ಹೌದು, ದೇವರ ಹೆಸರಿನಲ್ಲಿ ಉಪವಾಸ ಇರುವ ಆ ಒಂದು ದಿನವೂ ಹೌದು. "ಇವತ್ತ ನನ್ನ ವಾರ" ಎಂದರೆ ಆ ದಿನ ಊಟವಿಲ್ಲ ಎಂದೇ ಅರ್ಥ. ಇದು ನನಗೆ ಹುಟ್ಟಿದಾಗಿನಿಂದ ಗೊತ್ತು. ಗೊತ್ತಿದ್ದೂ ಆ ತಿಂಗಳು ನನಗೆ ಹೊಳೆಯಲಿಲ್ಲ.

ಅತ್ತಿಯ ಸ್ತನದ ಕ್ಯಾನ್ಸರ್ ಎಲುಬಿಗೆ ಇಳಿದಿತ್ತು. ಹುಬ್ಬಳ್ಳಿಯ ವೈದ್ಯರು ಹೊಸ ಗುಳಿಗೆ ಬರೆದುಕೊಟ್ಟರು. ಅದು ಹೇಗೆ ಕೆಲಸ ಮಾಡುತ್ತದೆ ಎಂದು ಅವರು ಹೇಳಬೇಕಾಗಿರಲಿಲ್ಲ, ನಾನು ಪ್ರತಿವರ್ಷ ಕಲಿಸುವ ಪಾಠವೇ ಅದು. ಒಂದು ಜೀವಕೋಶ ಎರಡಾಗಬೇಕಾದರೆ ಒಂದು ಸುತ್ತು ಹಾಕಬೇಕು. ಆ ಸುತ್ತಿನಲ್ಲಿ ಗೇಟುಗಳಿವೆ, ಅವನ್ನು ತೆರೆಯುವುದು ಜೋಡಿಯಾಗಿ ಕೆಲಸ ಮಾಡುವ ಕೆಲವು ಪ್ರೋಟೀನುಗಳು. ಅತ್ತಿಯದರಂಥ ಗಡ್ಡೆಯಲ್ಲಿ ಮೊದಲ ಗೇಟು ಮುಚ್ಚುವುದೇ ಇಲ್ಲ. ಗುಳಿಗೆ ಆ ಪ್ರೋಟೀನುಗಳನ್ನು ಕಟ್ಟಿಹಾಕಿ ಗೇಟು ಮುಚ್ಚಿಸುತ್ತದೆ. ಆದರೆ ಅದೇ ಗೇಟು ಎಲುಬಿನ ಮಜ್ಜೆಯಲ್ಲೂ ಇದೆ. ಸೋಂಕಿನಿಂದ ನಮ್ಮನ್ನು ಕಾಯುವ ಬಿಳಿ ರಕ್ತಕಣಗಳು ಹುಟ್ಟುವುದು ಅಲ್ಲಿ. ಗುಳಿಗೆಗೆ ಗಡ್ಡೆ ಯಾವುದು, ಮಜ್ಜೆ ಯಾವುದು ಎಂದು ತಿಳಿಯುವುದಿಲ್ಲ. ಅದಕ್ಕೇ ಮೂರು ವಾರ ಕೊಟ್ಟು ಒಂದು ವಾರ ಬಿಡುತ್ತಾರೆ. ಆ ಏಳು ದಿನಗಳಲ್ಲಿ ಮಜ್ಜೆ ಚೇತರಿಸಿಕೊಳ್ಳಬೇಕು.

ಬಸ್ಸಿನಲ್ಲಿ ಮರಳಿ ಬರುವಾಗ ನನ್ನ ಕಿವಿಯಲ್ಲಿ ಫೋನಿತ್ತು. ಮರುದಿನದ ಪರೀಕ್ಷೆಯ ಬಗ್ಗೆ ಸೆಂಟರಿನವರು ಏನೋ ಕೇಳುತ್ತಿದ್ದರು. ಅತ್ತಿ ಕಿಟಕಿಯ ಪಕ್ಕ ಔಷಧದ ಚೀಲ ಹಿಡಿದು ಕೂತಿದ್ದಳು. ನಾನು ಫೋನಿಗೆ ಕೈ ಅಡ್ಡ ಹಿಡಿದು, "ಅತ್ತಿ, ಮೂರ ವಾರ ತಗೊಳ್ಳೂದು, ಒಂದ ವಾರ ಬಿಡೂದು. ಊಟಾ ಆದಮ್ಯಾಲೆ," ಎಂದೆ. "ಆತವ್ವಾ," ಎಂದಳು. ಇಷ್ಟೇ ನನಗೆ ನೆನಪಿದ್ದದ್ದು. ಅಂಗಡಿಯಲ್ಲಿ ಈ ಗುಳಿಗೆ ಯಾವಾಗಲೂ ಸಿಗುವುದಿಲ್ಲವೆಂದು ಎರಡು ತಿಂಗಳಿನದನ್ನು ಒಟ್ಟಿಗೇ ತಂದಿದ್ದೆ.

ಗುರುವಾರ ಶುರುವಾಯಿತು. ಮುಂದಿನ ಸೋಮವಾರ ನನಗೆ ರಜೆಯಿತ್ತು. ಮಧ್ಯಾಹ್ನ ಅತ್ತಿ ಭಕ್ರಿ ಪಲ್ಯ ಹಾಕಿಕೊಂಡು ಕೂತಿದ್ದನ್ನು ಕಂಡು ಆಶ್ಚರ್ಯವಾಯಿತು.

"ಏನ ಅತ್ತಿ, ಸೋಮವಾರ ಬಿಟ್ಟಿ?"

"ನೀನ ಹೇಳಿದಿಯಲ್ಲ ಹುಚ್ಚಿ. ಮೂರ ಸಲಾ ಮಾಫ್ ಮಾಡಪಾ ಅಂತ ಶಿವಗ ಹೇಳೇನಿ. ನಿನ್ನಂಗ ಜಗಳಾ ತಗೀಲಿಲ್ಲ ಅಂವಾ."

ಚೆನ್ನಾಗಿ ಉಣ್ಣು ಎಂದು ನಾನು ದಿನವೂ ಹೇಳುತ್ತಿದ್ದುದರ ಫಲ ಇದು ಎಂದುಕೊಂಡು ನಕ್ಕೆ. ಮೂರು ಸಲವೇ ಏಕೆ ಎಂದು ಕೇಳಲಿಲ್ಲ.

ಮೂರು ವಾರ ಕಳೆದವು. ನಾಲ್ಕನೆಯದು ಬಿಡುವಿನ ವಾರ. ನಾನು ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟರೆ ಬರುವುದು ಸಂಜೆಯಾದ ಮೇಲೆ. ಗುಳಿಗೆ ನಿಂತಿದೆ, ಇನ್ನು ಚೇತರಿಸಿಕೊಳ್ಳುತ್ತಾಳೆ ಎಂದು ನಿಶ್ಚಿಂತಳಾಗಿದ್ದೆ. ಆ ಸೋಮವಾರ ಅತ್ತಿ ಮತ್ತೆ ಉಪವಾಸ ಮಾಡಿದಳು. ಮಂಗಳವಾರ ಬೆಳಿಗ್ಗೆ "ಗಂಟಲಾ ನೋಯಾಕತ್ತೈತಿ" ಎಂದಳು. ಬಿಸಿನೀರು ಕುಡಿ ಎಂದು ಹೇಳಿ ನಾನು ಹೊರಟೆ.

ಅಂದು ಮಧ್ಯಾಹ್ನದ ಪಾಠ ಕೋಶ ವಿಭಜನೆ. ಬೋರ್ಡಿನ ಮೇಲೆ ದೊಡ್ಡ ವೃತ್ತ ಬರೆದು, ಗೇಟುಗಳನ್ನು ಗುರುತಿಸಿ, ಆ ಪ್ರೋಟೀನುಗಳನ್ನು ತಡೆಯುವ ಔಷಧಗಳೂ ಈಗ ಬಂದಿವೆ ಎಂದು ವಿವರಿಸುತ್ತಿದ್ದೆ. "ಮೂರು ವಾರ ಕೊಟ್ಟು ಒಂದು ವಾರ ಬಿಡುತ್ತಾರೆ," ಎಂದೆ.

"ಮತ್ತ ವಾರದ ದಿನಾ?"

ದನಿ ನನ್ನ ಬಲಗಡೆಯಿಂದ, ತೀರ ಹತ್ತಿರದಿಂದ ಬಂತು. ವಯಸ್ಸಾದ ಹೆಣ್ಣಿನ ದನಿ. ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ ಒತ್ತುವ ದನಿ. ಹಾಗೆ ಮಾತಾಡುವವರು ನನಗೆ ಒಬ್ಬರೇ ಗೊತ್ತು. ಬಲಗಡೆ ಗೋಡೆಯ ಹೊರತು ಏನೂ ಇರಲಿಲ್ಲ.

"ಯಾರು ಕೇಳಿದ್ರಿ?"

ಮಕ್ಕಳು ಮುಖ ಮುಖ ನೋಡಿಕೊಂಡರು. "ಯಾರೂ ಇಲ್ಲರಿ ಮೇಡಮ್ಮರ," ಎಂದ ಹಿಂದಿನ ಸಾಲಿನ ಹುಡುಗ. "ನಿಮ್ಮ ತಾಸಿನ್ಯಾಗ ಮಾತಾಡೂ ಧೈರ್ಯ ಯಾರಿಗೈತ್ರಿ?" ಎಲ್ಲರೂ ನಕ್ಕರು.

ಆ ನಗೆಯ ನಡುವೆಯೇ ನನಗೆ ಎಲ್ಲ ಒಟ್ಟಿಗೆ ತಿಳಿಯಿತು. ಮೂರು ಸೋಮವಾರ ಉಂಡು ಗುಳಿಗೆ ತೆಗೆದುಕೊಂಡಿದ್ದಾಳೆ. ನಾಲ್ಕನೆಯ ಸೋಮವಾರ ಉಪವಾಸ ಮಾಡಿ ಬಿಟ್ಟಿದ್ದಾಳೆ. ಉಳಿದ ಯಾವ ದಿನವೂ ಬಿಟ್ಟಿಲ್ಲ. ಬೋರ್ಡಿನ ಮೇಲೆ ಬರೆಯುತ್ತಿದ್ದ ಖಡು ಕೆಳಗಿಟ್ಟೆನೋ ಬಿಸಾಡಿದೆನೋ ತಿಳಿಯದು. ಸ್ಕೂಟರ್ ಹತ್ತಿ ಮನೆಗೆ ಬಂದೆ.

ಅತ್ತಿ ಎರಡು ಕೌದಿ ಹೊದ್ದು ಮಲಗಿದ್ದಳು. ಮೈ ಕೆಂಡದಂತಿತ್ತು, ಹಲ್ಲು ಕಟಕಟ ಎನ್ನುತ್ತಿದ್ದವು.

"ಗುಳಿಗಿ ನಿಲ್ಲಿಸಿಲ್ಲೇನ ನೀ?"

"ಯಾಕ ನಿಲ್ಲಸ್ಲಿ? ಹೊಸಾ ಡಬ್ಬಿ ಒಡದೇನಿ. ನಿನ್ನೆ ಒಂದ ಬಿಟ್ಟೇನಿ ನೋಡು. ವಾರ ಇತ್ತಲ್ಲ."

ಎರಡನೆಯ ಡಬ್ಬಿಯಲ್ಲಿ ಐದು ಗುಳಿಗೆ ಇರಲಿಲ್ಲ.

ಪಕ್ಕದ ಗ್ಯಾರೇಜಿನ ರಫೀಕ್ ಕಾಕಾ, ರಿಪೇರಿಗೆ ಬಂದಿದ್ದ ಯಾರದೋ ಕಾರು ತೆಗೆದು, "ಲಗೂ ಕುಂದ್ರವಾ, ಮಾತ ಆಮ್ಯಾಲೆ," ಎಂದರು. ಹುಬ್ಬಳ್ಳಿಯ ದಾರಿಯುದ್ದಕ್ಕೂ ಅತ್ತಿಯನ್ನು ಎಚ್ಚರವಾಗಿಡಲು ಅವರು ಮಾತಾಡುತ್ತಲೇ ಇದ್ದರು. "ಅಕ್ಕಾರ, ಕಣ್ಣ ಮುಚ್ಚಬ್ಯಾಡ್ರಿ. ನನ್ನ ಡ್ರೈವಿಂಗ್ ನೋಡ್ರಿ."

"ಅದನ್ನ ನೋಡೂದಕ್ಕಿಂತ ಮುಚ್ಚೂದ ಛಲೋ ರಫೀಕಾ," ಎಂದಳು ಅತ್ತಿ. ಆಮೇಲೆ ಮಾತು ತೊದಲತೊಡಗಿತು.

ಬಿಳಿ ರಕ್ತಕಣಗಳು ಇಲ್ಲವೆಂಬಷ್ಟು ಇಳಿದಿದ್ದವು, ಸೋಂಕು ರಕ್ತಕ್ಕೆ ಸೇರಿತ್ತು. "ಸಂಜಿತನಾ ಕಾದಿದ್ರ ನಮ್ಮ ಕೈಯಾಗ ಇರ್ತಿರಲಿಲ್ಲ," ಎಂದರು ವೈದ್ಯರು. ಹೇಗೆ ಗೊತ್ತಾಯಿತು ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ.

ನಾಲ್ಕನೆಯ ದಿನ ಅತ್ತಿ ಸರಿಯಾಗಿ ಮಾತಾಡಿದಳು. ಹೀಗೇಕೆ ಮಾಡಿದೆ ಎಂದು ನಾನು ಅತ್ತಾಗ ಅವಳಿಗೇ ಅಚ್ಚರಿಯಾಯಿತು.

"ಬಸ್ಸಿನ್ಯಾಗ ನಿನ್ನ ಕೇಳಿದೆನಲ್ಲ. ಊಟಾ ಆದಮ್ಯಾಲೆ ಅಂದಿ. ಮತ್ತ ವಾರದ ದಿನಾ? ಅಂತ ಕೇಳಿದೆ. ಮೂರ ವಾರ ತಗೊಳ್ಳೂದು, ಒಂದ ವಾರ ಬಿಡೂದು ಅಂತ ಇನ್ನೊಮ್ಮೆ ಹೇಳಿದಿ. ಸಿಟ್ಟೀಲೆ ಹೇಳಿದಿ. ಅದಕ್ಕ ಮತ್ತ ಕೇಳಲಿಲ್ಲ."

ನಾನು ಎರಡನೆಯ ಸಲ ಹೇಳಿದ್ದು ನನಗೆ ನೆನಪಿಲ್ಲ. ಅವಳು ಕೇಳಿದ್ದಂತೂ ನನ್ನ ಕಿವಿಗೆ ಬಿದ್ದೇ ಇಲ್ಲ. ಬಿದ್ದದ್ದು ತಿಂಗಳ ನಂತರ, ತರಗತಿಯಲ್ಲಿ.

ಮನೋವಿಜ್ಞಾನ ಕಲಿಸುವ ಗೆಳತಿಯೊಬ್ಬಳು ಸಮಾಧಾನ ಹೇಳಿದಳು. ಬಸ್ಸಿನಲ್ಲಿ ಕಿವಿ ಕೇಳಿದೆ, ಮನಸ್ಸು ಕೇಳಿಲ್ಲ, ಅದೇ ಮಾತು ಮತ್ತೆ ಆಡಿದಾಗ ಒಳಗಿದ್ದದ್ದು ಮೇಲೆ ಬಂತು ಎಂದಳು. ಇರಬಹುದು. ಒಂದು ವಾರ ಹಾಗೆಯೇ ನಂಬಿದೆ. ಆಮೇಲೆ ಕೆಲಸಕ್ಕೆ ಮರಳಿದ ದಿನ, ಮೊದಲ ಸಾಲಿನಲ್ಲಿ ಕೂರುವ, ಸುಳ್ಳ ಎಂಬ ಊರಿನ ಹುಡುಗಿ ನೋಟ್‌ಬುಕ್ ಹಿಡಿದು ಬಂದಳು. ನಾನು ಆಡಿದ್ದನ್ನೆಲ್ಲ ತಲೆ ಎತ್ತದೆ ಬರೆದುಕೊಳ್ಳುವ ಹುಡುಗಿ ಅದು.

"ಮೇಡಮ್ಮರ, ಈ ಪ್ರಶ್ನಿಗೆ ಉತ್ತರಾ ಬರಸಲೇ ಇಲ್ಲರಿ ನೀವು."

ವೃತ್ತದ ಚಿತ್ರದ ಕೆಳಗೆ ಅವಳ ದುಂಡು ಅಕ್ಷರದಲ್ಲಿ ಆ ಮೂರು ಪದಗಳಿದ್ದವು. ಯಾರು ಕೇಳಿದ್ದು ಎಂದರೆ, "ನೀವ ಅಂದ್ರಿ ಅನಕೊಂಡೆರಿ. ಅಲ್ಲೇನ್ರಿ?" ಎಂದಳು. ನಾನೇ ಬಾಯಿಬಿಟ್ಟು ಅಂದಿದ್ದರೆ ಹಿಂದಿನ ಸಾಲಿಗೆ ಏಕೆ ಕೇಳಲಿಲ್ಲ? ನಾನು ಅನ್ನದಿದ್ದರೆ ಅವಳಿಗೆ ಹೇಗೆ ಕೇಳಿತು? ಆ ಹಾಳೆಯನ್ನು ಫೋನಿನಲ್ಲಿ ತೆಗೆದಿಟ್ಟುಕೊಂಡಿದ್ದೇನೆ. ನೋಡಿದಾಗಲೆಲ್ಲ ಅದು ಬರೀ ಬರಹವೇ, ಯಾರ ದನಿಯೆಂದು ಹೇಳುವುದಿಲ್ಲ.

ನನ್ನನ್ನು ಕಾಡುವುದು ದನಿ ಬಂದದ್ದಲ್ಲ. ಬರುವುದಿದ್ದರೆ ಬಿಡುವಿನ ವಾರದ ಮೊದಲ ದಿನವೇ ಬರಬಹುದಿತ್ತು. ಇನ್ನೈದು ದಿನ ಮೊದಲು ಬಂದಿದ್ದರೆ ಅತ್ತಿ ಮತ್ತೆ ಆ ಗುಳಿಗೆ ತೆಗೆದುಕೊಳ್ಳುವಷ್ಟು ಗಟ್ಟಿಯಾಗಿ ಉಳಿಯುತ್ತಿದ್ದಳೇನೋ. ಆ ಸೋಂಕು ತಗುಲಿದ್ದ ಅವಳ ಶ್ವಾಸಕೋಶ ಸುಧಾರಿಸಲೇ ಇಲ್ಲ. ಔಷಧ ನಿಲ್ಲಿಸಿ ಕಾಯುತ್ತ ಕೂತ ಆ ದಿನಗಳಲ್ಲಿ ಗಡ್ಡೆ ಕಾಯಲಿಲ್ಲ, ಯಕೃತ್ತಿಗೆ ಹೋಯಿತು. ನಾನು ರಾತ್ರಿ ಗಂಟೆಗೊಮ್ಮೆ ಎದ್ದು ಅವಳ ಹಣೆ ಮುಟ್ಟಿ ನೋಡುತ್ತಿದ್ದೆ. ಫ್ಯಾನಿನ ಸದ್ದಿನಲ್ಲೂ ಪ್ರಶ್ನೆ ಹುಡುಕುತ್ತಿದ್ದೆ.

ಕೊನೆಗೊಂದು ಶುಕ್ರವಾರ ವೈದ್ಯರು ಹೊಸ ಸ್ಕ್ಯಾನ್ ನೋಡಿ, "ಇನ್ನ ಗುಳಿಗಿ ಬ್ಯಾಡ್ರಿ. ಮನಿಗೆ ಕರಕೊಂಡ ಹೋಗ್ರಿ," ಎಂದರು. ಅಂದು ರಾತ್ರಿ ಅವಳ ಪಕ್ಕದಲ್ಲೇ ಹಾಸಿಕೊಂಡು ಮಲಗಿದೆ. ಎಷ್ಟೋ ದಿನಗಳ ಮೇಲೆ ಒಂದೇ ನಿದ್ದೆಗೆ ಬೆಳಗಾಯಿತು. ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲು ಬಂದಿತ್ತು. ಅತ್ತಿ ಎಚ್ಚರವಾಗಿದ್ದಳು, ನನ್ನನ್ನೇ ನೋಡುತ್ತಿದ್ದಳು.

"ಛಲೋ ನಿದ್ದಿ ಹತ್ತಿತ್ತು ನಿನಗ," ಎಂದಳು. "ನೀರ ಬೇಕಾಗಿತ್ತು. ಎರಡ ಸಲಾ ಕರದೆ. ಕೇಳಸಲಿಲ್ಲ ನಿನಗ. ಇರ್ಲಿ ಬಿಡು."