ಸೆಣಬಿನ ಬೇರಿನ ಗಂಟು

ಮಂಗಳವಾರ, ಬೆಳಿಗ್ಗೆ ಎಂಟು. ಮಾಗಡಿ ಬಸ್ಸು ಪಂಕ್ಚರ್ ಆಗಿ ನಿಂತಿತ್ತು. ರಸ್ತೆ ಪಕ್ಕದ ಹೊಲದಲ್ಲಿ ಜಗಳ ಕೇಳಿ ಇಳಿದು ಹೋದೆ. ಅಲ್ಲಿ ಹೊಲದೊಡತಿ ಜಯಮ್ಮ, ಅವರ ಮಾವ, ನಾನು.

ಟೊಮೆಟೊ ಹಾಕುವ ನೆಲಕ್ಕೆ ಗೊಬ್ಬರವಾಗಲೆಂದು ಜಯಮ್ಮ ಸೆಣಬು ಬೆಳೆಸಿದ್ದರು. ಅದನ್ನು ಮಣ್ಣಿಗೆ ಸೇರಿಸಲು ಟ್ರ್ಯಾಕ್ಟರ್ ಬಂದಿತ್ತು. ಮಾವ ಅಡ್ಡ ನಿಂತಿದ್ದರು. ಅವರು ಕಿತ್ತು ಹಿಡಿದ ಗಿಡದ ಬೇರಿನ ತುಂಬ ಗಂಟು.

“ಹೋದ್ಸಲ ಟೊಮೆಟೊನ ತಿಂದಿದ್ದು ಇದೇ ಗಂಟುರೋಗ. ಹೊಲ ಕೆಟ್ಟೋಯ್ತದೆ, ಕಿತ್ತು ಸುಟ್ಟಾಕವ್ವ.”

ನನಗೂ ಅದೇ ಅನುಮಾನ. ಸುಡುವುದೇ ಕ್ಷೇಮ ಎಂದೆ.

“ನೀವೂ ಅವ್ರ ಕಡೇನಾ ಸಾಮಿ? ರೋಗ ಬಂದ್ರೆ ಬೇರಿನ ಮೈಯೇ ಊದ್ಕಂಡಿರ್ತದೆ, ಗಂಟು ಉದುರಾಕಿಲ್ಲ. ಇದು ಗಾಳಿಯಿಂದ ಸಾರ ಹಿಡ್ದು ನೆಲಕ್ಕೆ ಕೊಡೋ ಗೊಬ್ಬರದ ಗಂಟು, ಒಳಗೆ ಕೆಂಪಗಿರ್ತದೆ, ಒಸಿ ನೋಡಿ!”

ಜಯಮ್ಮ ಬೆರಳಲ್ಲಿ ಸವರಿದರು. ಗಂಟು ಕಾಳಿನಂತೆ ಕಳಚಿತು. ಉಗುರಲ್ಲಿ ಸೀಳಿದರೆ ಒಳಗೆ ನಸುಗೆಂಪು.

ಒಂದೇ ಗಿಡವನ್ನು ನಂಬಲಾದೀತೆ? ಹೊಲದ ನಾಲ್ಕೂ ಮೂಲೆಗೆ ನಡೆದು, ಮೂಲೆಗೆ ಮೂರರಂತೆ ಕಿತ್ತು ಸವರಿದೆ. ಎಲ್ಲದರ ಗಂಟೂ ಕಳಚಿತು. ಕೊನೆಯದನ್ನು ಮಾವ ತಾವೇ ಸೀಳಿ ನೋಡಿದರು.

“ಹೊಡ್ಸು. ಟೊಮೆಟೊ ಹಾಕಿದ್ಮೇಲೆ ಅದ್ರ ಬೇರ್ನೂ ನಾನೇ ಕಿತ್ತು ನೋಡ್ತೀನಿ ಕಣವ್ವ,” ಎಂದು ದಾರಿ ಬಿಟ್ಟರು.

ನಮ್ಮ ಹಿತ್ತಲಿನ ಅಲಸಂದೆ ಬೇರಲ್ಲೂ ಗಂಟು ಕಂಡು, ಕಿತ್ತು ಸುಡಿ ಎಂದು ಬೆಳಿಗ್ಗೆ ಮನೆಯವರಿಗೆ ಹೇಳಿ ಹೊರಟಿದ್ದೆ. ಮಾಗಡಿಯಲ್ಲಿ ಇಳಿದವನೇ ಮನೆಗೆ ಫೋನು ಮಾಡಿ, ನಾನು ಬಂದು ಸವರಿ ನೋಡುವವರೆಗೆ ಯಾರೂ ಮುಟ್ಟಕೂಡದೆಂದೆ.