ಕುಡ್ಲದ ಶೆಡ್ಡು, ಕೊಟ್ಟೂರಿನ ಗ್ಯಾರೇಜು

ಕೊಟ್ಟೂರಿನಲ್ಲಿ ನನ್ನ ಮುಂದೆ ಮೊದಲು ಬಂದು ಕೂತವರು ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ಅವರ ಕಿವಿಗೆ ಹೆಡ್‌ಫೋನ್ ತೊಡಿಸಿ, "ಸಣ್ಣ ಸದ್ದು ಕೇಳಿದ್ರೂ ಹೇಳಿ, ಆಯ್ತಾ?" ಎಂದು ಜೋರಾಗಿ ಹೇಳಿ ಯಂತ್ರದ ಗುಂಡಿ ಒತ್ತಿದೆ. "ಕೇಳವಲ್ದು," ಅಂದರು ಅಜ್ಜಿ. ಕೇಳುತ್ತದೆ ಅನ್ನುತ್ತಿದ್ದಾರೆ ಅಂದುಕೊಂಡು ಹಾಳೆಯಲ್ಲಿ ಗುರುತು ಹಾಕಿದೆ. ಸದ್ದನ್ನು ಇನ್ನಷ್ಟು ತಗ್ಗಿಸಿದೆ. "ಕೇಳವಲ್ದವ್ವಾ." ಮತ್ತೊಂದು ಗುರುತು. ಹೀಗೆ ಹತ್ತು ನಿಮಿಷದಲ್ಲಿ ಆ ಅಜ್ಜಿಗೆ ಹದಿನೆಂಟರ ಹುಡುಗಿಯ ಕಿವಿ ಕೊಟ್ಟುಬಿಟ್ಟಿದ್ದೆ. ಜೊತೆಗೆ ಬಂದಿದ್ದ ಮಗ ತಡೆಯಲಾಗದೆ ಹೇಳಿದ: "ಮೇಡಮ್ಮಾರ, ಕೇಳವಲ್ದು ಅಂದ್ರ ಕೇಳ್ಸಂಗಿಲ್ಲ ಅಂತ್ರಿ."

ಕಿವಿ ಪರೀಕ್ಷೆ ಮಾಡಲು ಮುನ್ನೂರು ಕಿಲೋಮೀಟರಿಗೂ ದೂರದಿಂದ ಬಂದವಳಿಗೆ ಮೊದಲ ದಿನವೇ ಕೇಳಿದ್ದು ಅರ್ಥವಾಗಲಿಲ್ಲ.

ಮಂಗಳೂರಿನಲ್ಲಿ, ತುಳುವಿನಲ್ಲಿ ನಾವು ಕುಡ್ಲ ಅನ್ನುವ ಊರಿನಲ್ಲಿ, ಇದ್ದ ಕೆಲಸ ಮುಗಿದಾಗ, ಇಲ್ಲಿಯ ಒಂದು ಟ್ರಸ್ಟಿನವರು ಕರೆದರು. ಕೊಟ್ಟೂರಿನಲ್ಲಿ ಮನೆ ಮಾಡಿಕೊಂಡು, ವಾರದಲ್ಲಿ ಒಂದೊಂದು ದಿನ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗೆ ಹೋಗಿ ಕಿವಿ ನೋಡುವುದು, ಬೇಕಾದವರಿಗೆ ಶ್ರವಣಯಂತ್ರ ಕೂರಿಸುವುದು ನನ್ನ ಕೆಲಸ. ಒಂಟಿ ಹೆಂಗಸಿಗೆ ಮನೆ ಸಿಗಲು ಹದಿನೈದು ದಿನ ಬೇಕಾಯಿತು. ಕೊನೆಗೆ ಸಿಕ್ಕ ಮನೆಯ ಯಜಮಾನಿ ಗೌರಮ್ಮನವರು ಎರಡೇ ಮಾತು ಕೇಳಿದರು. "ಒಬ್ಬಾಕಿನ ಅದೀರೇನು? ಮೀನು ತಿಂತೀರೇನು?" ಎರಡಕ್ಕೂ ಹೌದು ಅಂದೆ. ಎರಡನೆಯದನ್ನು ಮನೆಯೊಳಗೆ ಮಾಡಬಾರದು ಅಂದರು. ಮೊದಲನೆಯದಕ್ಕೆ ಅವರ ಹತ್ತಿರವೂ ಪರಿಹಾರವಿರಲಿಲ್ಲ.

ಮಂಗಳೂರಿನಲ್ಲಿ ಒಗೆದ ಬಟ್ಟೆ ಎರಡು ದಿನವಾದರೂ ಒಣಗದೆ ವಾಸನೆ ಹಿಡಿಯುವುದು ನಿಮಗೆ ಗೊತ್ತು. ಇಲ್ಲಿ ತಂತಿಗೆ ಹಾಕಿ ಬಕೆಟ್ ಒಳಗಿಟ್ಟು ಬರುವಷ್ಟರಲ್ಲಿ ಅದು ಹಪ್ಪಳ. ಅಲ್ಲಿ ಮಳೆ, ಕಪ್ಪೆ, ತೆಂಗಿನ ಗರಿ, ಬಸ್ಸಿನ ಹಾರ್ನು, ಏನಾದರೊಂದು ಸದ್ದು ಮಾಡುತ್ತಲೇ ಇರುತ್ತದೆ. ಇಲ್ಲಿ ಮಧ್ಯಾಹ್ನ ಮೂರರ ಬಿಸಿಲಿಗೆ ಬೀದಿ ಎಷ್ಟು ಸುಮ್ಮನಾಗುತ್ತದೆಂದರೆ, ಊರಿನಲ್ಲಿ ಹದಿನೆಂಟು ವರ್ಷ ಮರೆಯಾಗಿದ್ದ ಒಂದು ಸದ್ದು ನನಗೆ ಸ್ಪಷ್ಟವಾಗಿ ಕೇಳತೊಡಗಿತು. ನನ್ನ ಬಲಗಿವಿಯೊಳಗಿನ ಸಿಳ್ಳೆ.

ಅದು ಎಲ್ಲಿಂದ ಬಂತು ಎಂದು ನನಗೆ ಚೆನ್ನಾಗಿ ಗೊತ್ತು. ಮಂಗಳೂರಿನ ಬಿಜೈಯಲ್ಲಿದ್ದ ಒಂದು ಕಾರಿನ ಶೆಡ್ಡಿನಿಂದ. ಕಾಲೇಜಿನ ಕಾಲದಲ್ಲಿ ಅಲ್ಲಿ 'ಉಪ್ಪುಗಾಳಿ' ಅಂತ ಒಂದು ಬ್ಯಾಂಡ್ ಇತ್ತು. ಮೂವರು ಹುಡುಗರು, ಒಬ್ಬಳು ಹುಡುಗಿ. ಅವರು ಬಾರಿಸುತ್ತಿದ್ದದ್ದಕ್ಕೆ ಗ್ಯಾರೇಜ್ ರಾಕ್ ಎನ್ನುತ್ತಾರೆ. ಗುರುವಿಲ್ಲದ, ಸ್ಟುಡಿಯೊ ಕಾಣದ ಹುಡುಗರು ಅಪ್ಪನ ಕಾರನ್ನು ಹೊರಗೆ ನಿಲ್ಲಿಸಿ, ಖಾಲಿ ಶೆಡ್ಡಿನಲ್ಲಿ ಗಿಟಾರಿನ ಮೂರೇ ಹಿಡಿತಗಳನ್ನು ಹಿಡಿದು ಎದೆ ಬಿರಿಯುವಂತೆ ಬಾರಿಸುವ ಸಂಗೀತ ಅದು. ಅರುವತ್ತರ ದಶಕದಲ್ಲಿ ಅಮೆರಿಕದ ಹುಡುಗರು ಹೀಗೆ ಶುರುಮಾಡಿದ್ದು. ನಮ್ಮವರು ಅದಕ್ಕೆ ತುಳು ಬೆರೆಸಿದರು. ನಾನು ಬಾರಿಸುತ್ತಿರಲಿಲ್ಲ. ಕೇಳುತ್ತಿದ್ದ ಎಂಟು ಜನರಲ್ಲಿ ಒಬ್ಬಳು. ನನ್ನ ಜಾಗ ಡ್ರಮ್ಮಿನ ಎಡಕ್ಕೆ, ತಾಳದ ತಟ್ಟೆಗೆ ಬಲಗಿವಿ ಕೊಟ್ಟು.

ಆ ಎಂಟು ಜನರ ಒಂದು ವಾಟ್ಸಾಪ್ ಗುಂಪು ಇಂದಿಗೂ ಇದೆ. ದುಬೈಯಲ್ಲಿರುವ ಪ್ರವೀಣ ಬೆಳಿಗ್ಗೆ ಎದ್ದವನೇ 'ಈಗಿನ ಬ್ಯಾಂಡುಗಳೆಲ್ಲ ಸುಳ್ಳು' ಅಂತ ಬರೆಯುತ್ತಾನೆ, ಉಳಿದವರು ಜಗಳಕ್ಕೆ ಬೀಳುತ್ತಾರೆ. ಕೊಟ್ಟೂರಿಗೆ ಬಂದ ಮೊದಲ ಆರು ತಿಂಗಳು ಕೆಲಸ ಬಿಟ್ಟರೆ ನಾನು ಮಾತಾಡಿದ್ದು ಆ ಗುಂಪಿನಲ್ಲಿ ಮಾತ್ರ, ಅದೂ ಹೆಬ್ಬೆರಳಿನಿಂದ.

ಹಾಗಿರುವಾಗ ಖಾದರ್‌ಸಾಬ್ ಬಂದರು. ಐವತ್ತೈದು ದಾಟಿದವರು, ಕೂಡ್ಲಿಗಿ ರಸ್ತೆಯಲ್ಲಿ ಟ್ರ್ಯಾಕ್ಟರ್ ರಿಪೇರಿ ಗ್ಯಾರೇಜು. ಕರೆತಂದವರು ಹೆಂಡತಿ ಮುಮ್ತಾಜಮ್ಮ. "ಕೂಗಿ ಕೂಗಿ ನನ್ನ ಗಂಟ್ಲ ಹೋಗೈತ್ರಿ," ಅಂದರು. ಪರೀಕ್ಷೆ ಮಾಡಿದೆ. ಎತ್ತರದ ಸದ್ದುಗಳ ಕಡೆ ಹಾಳೆಯ ಗೆರೆ ಬಾವಿಗೆ ಬಿದ್ದಂತೆ ಇಳಿದಿತ್ತು.

"ಕೆಲಸದಲ್ಲಿ ತುಂಬಾ ಸದ್ದುಂಟಾ?" ಎಂದು ಕೇಳಿದೆ.

"ಉಂಟೇನ್ರಿ, ಐತಿ!" ಎಂದು ನಕ್ಕರು. "ಆದ್ರ ಕಿವಿ ಹೋಗಿದ್ದು ಅದ್ರಾಗಲ್ಲ. ಬ್ಯಾಂಡ್‌ನಾಗ ಹೋತು."

"ಮದುವೆ ಬ್ಯಾಂಡಾ?"

"ಅಲ್ರೀ. ಪುಣೆದಾಗ. ಇಂಗ್ಲಿಷ್ ಬ್ಯಾಂಡ್. ಗಿಟಾರು."

"ಶುರು ಆತು ನೋಡ್ರಿ," ಅಂದರು ಮುಮ್ತಾಜಮ್ಮ. "ಲಗ್ನ ಆದಾಗಿಂದ ಇದ ಕತಿ."

ಖಾದರ್‌ಸಾಬ್ ಪ್ರಾಯದಲ್ಲಿ ಆರು ವರ್ಷ ಪುಣೆಯ ಒಂದು ಗ್ಯಾರೇಜಿನಲ್ಲಿದ್ದರಂತೆ. ಭಾನುವಾರ ಅಂಗಡಿ ಮುಚ್ಚಿದ ಮೇಲೆ ಮಾಲೀಕರ ಮಗ ವಿಕ್ಕಿ ತನ್ನ ಗೆಳೆಯರನ್ನು ಕರೆತಂದು ಶಟರ್ ಎಳೆದು ಬಾರಿಸುತ್ತಿದ್ದ. ಆಂಪ್ಲಿಫೈಯರಿನ ವಯರು ಸಡಿಲ. ಅದನ್ನು ಅದುಮಿ ಹಿಡಿದು ನಿಲ್ಲುವುದು ಇವರ ಕೆಲಸ. "ಒಂದು ಶಬ್ದ ತಿಳೀತಿದ್ದಿಲ್ರಿ. ಆದ್ರ ಕೆಟ್ಟು ನಿಂತ ಎಂಜಿನ್ ಒಮ್ಮಿಗೆ ಸ್ಟಾರ್ಟ್ ಆದಾಗ ಮೈಗೆ ಹೆಂಗ ಆಕ್ಕೈತಿ, ಹಂಗ ಆಕ್ಕಿತ್ತು."

ಆರು ವರ್ಷದ ಭಾನುವಾರಗಳಿಗಿಂತ ಮೂವತ್ತು ವರ್ಷದ ಗ್ರೈಂಡರು ಆ ಕಿವಿಯನ್ನು ಹೆಚ್ಚು ತಿಂದಿರಬೇಕು. ಆದರೆ ನಾನು ತಿದ್ದಲಿಲ್ಲ. ಈ ಐದು ತಾಲ್ಲೂಕುಗಳಲ್ಲಿ ಯಾರೋ ಒಬ್ಬರು ಆ ಸಂಗೀತದ ಬಗ್ಗೆ ಮಾತಾಡಿದ್ದರು.

ಮುಂದಿನ ಭಾನುವಾರ ಮಧ್ಯಾಹ್ನ ಅವರ ಗ್ಯಾರೇಜಿಗೆ ಹೋದೆ, ಕೈಯಲ್ಲಿ ಪುಟ್ಟ ಸ್ಪೀಕರು ಹಿಡಿದು. ಮುಮ್ತಾಜಮ್ಮ ಮಂಡಕ್ಕಿ-ಮಿರ್ಚಿ ತಂದಿಟ್ಟರು. ಒಗ್ಗರಣೆ ಹಾಕಿದ ಮಂಡಕ್ಕಿಯ ಜೊತೆ ಬಿಸಿ ಮೆಣಸಿನಕಾಯಿ ಬಜ್ಜಿ. ನಮ್ಮ ಗೋಳಿಬಜೆಯ ಹಾಗೆ ಇಲ್ಲಿ ಮಾತಿಗೆ ಇದೇ ಜೊತೆ. ಖಾದರ್‌ಸಾಬ್ ಸ್ಪೀಕರನ್ನು ತಗಡಿನ ಸಾಮಾನಿನ ಪೆಟ್ಟಿಗೆಯ ಮೇಲಿಟ್ಟು, ಪಕ್ಕದಲ್ಲಿ ಅಂಗೈ ಊರಿ ಕೂತರು. ಒಳಗಿನ ಸ್ಪ್ಯಾನರುಗಳು ಹಾಡಿಗೆ ಗಲಗಲ ಅನ್ನುತ್ತಿದ್ದವು. ಕಿವಿಗೆ ಅರ್ಧ, ಕೈಗೆ ಅರ್ಧ. ಹಾಗೆ ಅವರು ಕೇಳುತ್ತಿದ್ದದ್ದು.

ಅಮೆರಿಕದ ಹಳೆಯ ಹುಡುಗರನ್ನು ಕೇಳಿಸಿದೆ. "ಇದು ಟೈಮಿಂಗ್ ಹೋದ ಎಂಜಿನ್," ಅಂದರು, "ಆದ್ರ ಗಾಡಿ ಓಡ್ತೈತಿ ನೋಡ್ರಿ." ನಮ್ಮ ಉಪ್ಪುಗಾಳಿಯನ್ನು ಕೇಳಿಸಿದಾಗ, "ಡ್ರಮ್ಮಿನಾವ ಭಾಳ ಅವಸರದಾಗ ಅದಾನ. ಉಂಡಿಲ್ಲೇನು ಅಂವ?" ಅಂದರು. ನನಗೆ ಸಿಟ್ಟು ಬಂತು. ಆಮೇಲೆ ನೆನಪಾಯಿತು, ಡ್ರಮ್ ಬಾರಿಸುತ್ತಿದ್ದ ರೋಶನ್ ಹಾಸ್ಟೆಲಿನ ಊಟ ತಪ್ಪಿಸಿಕೊಂಡೇ ಅಭ್ಯಾಸಕ್ಕೆ ಬರುತ್ತಿದ್ದ.

ಹೊಸಬರ ವಿಷಯಕ್ಕೆ ನಮಗೆ ದೊಡ್ಡ ಜಗಳ. ಫ್ಲ್ಯಾಟಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಹಾಡು ಮಾಡುವ ಇಬ್ಬರು ಹುಡುಗಿಯರ ಬ್ಯಾಂಡೊಂದು ನನಗೆ ಇಷ್ಟ. ಖಾದರ್‌ಸಾಬ್ ಮುಖ ಕಿವುಚಿದರು. "ಶೋರೂಮಿನಾಗಿಂದ ಹೊಸಾ ಗಾಡಿ ತಂದು ಮ್ಯಾಲ ಕೆಸರು ಬಳದಾರ. ಕೆಸರು ಹೊಲದಾಗ ಹತ್ತಬೇಕ್ರಿ." ಶೆಡ್ಡಿಗೆ ಜಾಗವೇ ಇಲ್ಲದ ಊರಲ್ಲಿ ಆ ಹುಡುಗಿಯರು ಎಲ್ಲಿಗೆ ಹೋಗಬೇಕು, ಜೋರಾಗಿ ಬಾರಿಸಿದರೆ ಪಕ್ಕದ ಮನೆಯವರು ಪೊಲೀಸರನ್ನು ಕರೆಯುತ್ತಾರೆ ಅಂದೆ. "ಹಂಗಾರ ಮಾಫ್," ಅಂದರು. "ಆದ್ರೂ ಛಲೋ ಇಲ್ಲ."

ಒಮ್ಮೆ ಕೇಳಿದೆ, ವಿಕ್ಕಿಯ ಬ್ಯಾಂಡಿನದು ಏನಾದರೂ ರೆಕಾರ್ಡಿಂಗ್ ಇದೆಯಾ ಅಂತ. "ನಿಮ್ದು ಫೋನಿನಾಗ ಐತಿ," ಎಂದು ಕಣತಲೆ ಮುಟ್ಟಿಕೊಂಡರು, "ನಂದು ಇಲ್ಲಿ ಅಷ್ಟ."

ಶ್ರವಣಯಂತ್ರ ಬೇಡ ಅನ್ನುತ್ತಿದ್ದವರನ್ನು ನಾನೇ ಒಪ್ಪಿಸಿದೆ. ಅದನ್ನು ಕೂರಿಸಿದ ದಿನ ಕ್ಲಿನಿಕ್ಕಿನಲ್ಲಿ ಹೆಂಡತಿಯ ಬಳೆ ಸದ್ದು ಕೇಳಿ ಅವರು ಬೆಚ್ಚಿ ತಿರುಗಿದರು. ಮುಮ್ತಾಜಮ್ಮ ಬೇಕೆಂದೇ ಇನ್ನೊಮ್ಮೆ ಕೈ ಆಡಿಸಿದರು. ಅಲ್ಲಿಗೇ ನಿಲ್ಲಿಸಬೇಕಿತ್ತು. ಹೊಸದಾಗಿ ಯಂತ್ರ ಹಾಕಿಕೊಂಡವರಿಗೆ ಮೊದಲು ಮನೆಯ ಮಾತು, ಎರಡು ಮೂರು ವಾರ ಮೆಲ್ಲಗೆ ರೂಢಿ, ಆಮೇಲೆ ಉಳಿದದ್ದು. ಇದನ್ನು ನಾನು ದಿನವೂ ಹತ್ತು ಜನರಿಗೆ ಹೇಳುತ್ತೇನೆ. ಆದರೆ ಅಂದು ಅವಸರದಿಂದ ಫೋನ್ ತೆಗೆದು, ಅವರಿಗೆ ಬಹಳ ಇಷ್ಟವಾಗಿದ್ದ ಹಳೆಯ ಹಾಡನ್ನೇ ಹಾಕಿದೆ.

ಖಾದರ್‌ಸಾಬರ ಮುಖ ಕಪ್ಪಿಟ್ಟಿತು. ಎರಡೂ ಕಿವಿಯಿಂದ ಯಂತ್ರ ಕಿತ್ತು ಮೇಜಿನ ಮೇಲಿಟ್ಟರು. "ತಗಡು ಕೆರದಂಗ ಆತ್ರಿ," ಅಂದರು.

ಮುಂದಿನ ಭಾನುವಾರ ಗ್ಯಾರೇಜಿಗೆ ಹೋದರೆ ಟ್ರ್ಯಾಕ್ಟರಿನ ಕೆಳಗಿಂದಲೇ, "ಇವತ್ತು ಕೆಲಸ ಐತ್ರಿ ಮೇಡಂ," ಅಂದರು. ಅದರ ಮುಂದಿನ ವಾರವೂ ಅದೇ. ಮೂರನೆಯ ವಾರ ಮುಮ್ತಾಜಮ್ಮ ಯಂತ್ರದ ಡಬ್ಬಿ ಹಿಡಿದು ಕ್ಲಿನಿಕ್ಕಿಗೆ ಬಂದರು. "ಬ್ಯಾಡಂತ್ರಿ. ಪುಣೆ ಹಾಡು ನೆನಸ್ಕೊಂಡ್ರೂ ಈಗ ಆ ತಗಡಿನ ಸದ್ದ ಬರ್ತೈತಂತ. ಊಟಾನೂ ಸರಿ ಮಾಡವಲ್ರು."

ಆ ಮಾತಿನ ಅರ್ಥ ಕೇಳಲು ನನಗೆ ಯಾರೂ ಬೇಕಾಗಲಿಲ್ಲ. ಅವರ ಹತ್ತಿರ ಇದ್ದ ಒಂದೇ ರೆಕಾರ್ಡಿಂಗಿನ ಮೇಲೆ ನಾನು ಗೀಚಿದ್ದೆ. ಆ ವಾರ ಹರಪನಹಳ್ಳಿಗೆ ಹೋಗಿ ಬರುವಾಗ ಬಸ್ಸಿನಲ್ಲಿ ಗುಂಪಿಗೆ ಏನಾದರೂ ಬರೆಯೋಣ ಎಂದು ಫೋನ್ ತೆಗೆದೆ. ಪ್ರವೀಣ ಹೊಸ ಬ್ಯಾಂಡೊಂದನ್ನು ಬೈಯುತ್ತಿದ್ದ. ನನ್ನ ಕತೆಯನ್ನು ಅಲ್ಲಿ ಯಾರಿಗೆ ಹೇಳಲಿ, ಎಲ್ಲಿಂದ ಶುರುಮಾಡಲಿ? ಫೋನ್ ಒಳಗಿಟ್ಟೆ. ಬಂದಂದಿನಿಂದ ಅಷ್ಟು ಒಂಟಿ ಎನಿಸಿದ್ದು ಅಂದೇ.

ಭಾನುವಾರ ಮತ್ತೆ ಗ್ಯಾರೇಜಿಗೆ ಹೋದೆ. ಈ ಸಲ ಸ್ಪೀಕರು ಒಯ್ಯಲಿಲ್ಲ. ಅವರೆದುರು ನಿಂತು, ತುಟಿ ಓದಲು ಆಗುವಂತೆ ನಿಧಾನವಾಗಿ ಹೇಳಿದೆ: "ತಪ್ಪು ನನ್ನದು. ಅಂದು ಹಾಡು ಹಾಕಬಾರದಿತ್ತು. ನನಗೆ ಗೊತ್ತಿದ್ದೂ ಹಾಕಿದೆ. ಜೊತೆಗೆ ಕೂತು ಕೇಳಲು ನನಗೆ ಯಾರೋ ಒಬ್ಬರು ಬೇಕಿತ್ತು, ಅದಕ್ಕೆ."

ಅವರು ಕೈಯ ಗ್ರೀಸು ಒರೆಸಿಕೊಳ್ಳುತ್ತಲೇ ಇದ್ದರು. "ನಿಮ್ಮ ಕಿವಿ ಸರಿ ಅದಾವ. ನಿಮಗೇನು ತಿಳೀತೈತ್ರಿ?"

ಆಗ ಬಲಗಿವಿಯ ವಿಷಯ ಹೇಳಿದೆ. ಅದನ್ನು ನಾನು ಇನ್ನಾರಿಗೂ ಹೇಳಿರಲಿಲ್ಲ. ಕಿವಿ ನೋಡುವವಳ ಕಿವಿಯೇ ಸರಿಯಿಲ್ಲ ಎಂದು ತಿಳಿದರೆ ಜನ ಏನೆಂದಾರು ಅನ್ನುವ ಅಳುಕು.

"ಈಗೂ ಕೇಳ್ತೈತಾ?"

"ಈಗಲೂ."

"ಫ್ಯಾನ್ ಬೆಲ್ಟ್ ಸಡ್ಲ ಆದಂಗೇನು?"

"ಹಾಗೆಯೇ."

"ರಿಪೇರಿ?"

"ಇಲ್ಲ."

ಖಾದರ್‌ಸಾಬ್ ಒಳಗೆ ತಿರುಗಿ, "ಏ ಇವ್ಳ, ಚಾ ಇಡು," ಎಂದು ಕೂಗಿ, ನನ್ನತ್ತ ಒಂದು ಹಳೆಯ ಟೈರು ತಳ್ಳಿದರು. "ಕುಂದರ್ರಿ."

ಮೂರು ವಾರ ಹಾಡಿನ ಮಾತೇ ಎತ್ತಲಿಲ್ಲ. ನಾನು ಮರಳಿ ತಂದುಕೊಟ್ಟ ಯಂತ್ರ ಹಾಕಿಕೊಂಡು ಅವರು ಮನೆಯ ಮಾತು, ಆಜಾನ್, ಮೊಮ್ಮಗಳ ಪಾಠ ಕೇಳಿದರು. ನಾಲ್ಕನೆಯ ಭಾನುವಾರ ನನ್ನ ಲ್ಯಾಪ್‌ಟಾಪನ್ನು ಗ್ಯಾರೇಜಿಗೇ ಒಯ್ದು, ಯಂತ್ರವನ್ನು ಅದಕ್ಕೆ ಜೋಡಿಸಿ, ಹಾಡಿಗೆಂದೇ ಬೇರೆ ಒಂದು ಹೊಂದಿಕೆ ಮಾಡತೊಡಗಿದೆ. ಅವರು ಕಣ್ಣು ಮುಚ್ಚಿ ಕಾರ್ಬುರೇಟರ್ ಸರಿಮಾಡಿಸುವವರಂತೆ ಹೇಳುತ್ತಾ ಹೋದರು. "ಕಡಿಮಿ ಮಾಡ್ರಿ. ಇನ್ನೊಂದೀಟು. ಭಾಳಾತು, ಹಿಂದಕ ಬರ್ರಿ. ಹಾಂ, ಅಲ್ಲೇ ಹಿಡೀರಿ." ಒಂದೂವರೆ ಗಂಟೆ ಹಿಡಿಯಿತು.

"ಗಿಟಾರ್ ಬಂತು," ಅಂದರು ಕೊನೆಗೆ. "ತಾಳದ ತಟ್ಟಿ ಬರವಲ್ದು."

"ಅದು ಇನ್ನು ಬರುವುದಿಲ್ಲ," ಅಂದೆ. ಸುಳ್ಳು ಹೇಳುವ ಮನಸ್ಸಾಗಲಿಲ್ಲ.

ಅವರು ಹಾಡು ಮುಗಿಯುವವರೆಗೂ ಕಣ್ಣು ತೆರೆಯಲಿಲ್ಲ. ಮುಗಿದ ಮೇಲೆ, "ವಿಕ್ಕಿನೂ ಹಿಂಗ, ಕಡೀಗೆ ತಪ್ಪತಿದ್ದ," ಅಂದರು. ಪುಣೆ ಅವರಿಗೆ ಮರಳಿ ಸಿಕ್ಕಿತೆಂದು ಅದರಿಂದ ತಿಳಿಯಿತು.

ಇತ್ತೀಚೆಗೆ ಪ್ರವೀಣ ರಜೆಗೆ ಮಂಗಳೂರಿಗೆ ಬಂದಾಗ ಉಪ್ಪುಗಾಳಿಯವರು ಒಂದು ಸಂಜೆಗೆ ಮತ್ತೆ ಸೇರಿ ಬಾರಿಸಿದರು. ಶೆಡ್ಡು ಇದ್ದ ಜಾಗದಲ್ಲಿ ಈಗ ಫ್ಲ್ಯಾಟುಗಳು. ಗೆಳೆಯನೊಬ್ಬನ ಗೋದಾಮಿನಲ್ಲಿ ಸೇರಿದ್ದು. ಖಾದರ್‌ಸಾಬರನ್ನೂ ಕರೆದಿದ್ದೆ. "ಅದು ನಿಮ್ಮ ಬ್ಯಾಂಡ್ರಿ. ನೀವು ಹೋಗಿ ಬರ್ರಿ," ಅಂದಿದ್ದರು. ಕಿವಿಗೆ ರಬ್ಬರಿನ ಬಿರಡೆ ತುರುಕಿಕೊಂಡು ಹಿಂದಿನ ಗೋಡೆಗೆ ಒರಗಿ ನಿಂತೆ. ಚೆನ್ನಾಗಿಯೇ ಬಾರಿಸಿದರು. ಬೆಳಿಗ್ಗೆ ಅಕ್ಕನ ಮನೆಯಲ್ಲಿ ಬಂಗುಡೆ ಸಾರು ಉಂಡಿದ್ದೆ, ಗಾಳಿಯಲ್ಲಿ ಉಪ್ಪಿತ್ತು, ಸುತ್ತ ತುಳು. ಕೊಟ್ಟೂರಿಗೆ ಹೋದಂದಿನಿಂದ ಬಯಸಿದ್ದೆಲ್ಲ ಅಲ್ಲಿತ್ತು. ಆದರೂ ಡ್ರಮ್ಮು ಓಡತೊಡಗಿದಾಗ ಪ್ರವೀಣನ ಕಡೆ ತಿರುಗಿ, "ಭಾಳ ಅವಸರದಾಗ ಅದಾನ," ಅಂದುಬಿಟ್ಟೆ.

"ಎಂತ ಮಾರಾಯ್ತಿ, ಯಾರ ಭಾಷೆ ಇದು?" ಎಂದು ಅವನು ಬಿದ್ದು ಬಿದ್ದು ನಕ್ಕ. ಎಲ್ಲರನ್ನೂ ಕರೆದು ಇನ್ನೊಮ್ಮೆ ಹೇಳಿಸಿದ. ನಾನೂ ನಕ್ಕೆ. ಆ ನಗುವಿನ ನಡುವೆ, ಈ ಮಾತು ಅರ್ಥವಾಗುವ ಒಬ್ಬರು ಪಕ್ಕದಲ್ಲಿಲ್ಲ ಅನಿಸಿತು.

ಊರಿನ ಆಸ್ಪತ್ರೆಯೊಂದರಲ್ಲಿ ಕೆಲಸ ಖಾಲಿಯಿದೆಯಂತೆ. ಅಕ್ಕ ಅರ್ಜಿಯನ್ನು ತಂದಿಟ್ಟಿದ್ದಳು. ತುಂಬಿಲ್ಲ, ಹರಿದೂ ಇಲ್ಲ, ಬ್ಯಾಗಿನಲ್ಲಿದೆ. ಬಸ್ಸು ಹತ್ತುವಾಗ ಅವಳ ಕೈ ಹಿಡಿದು ತುಳುವಿನಲ್ಲಿ "ಬರ್ಪೆ" ಅಂದೆ. ಬರುತ್ತೇನೆ ಅಂತ. ಹೊರಡುವಾಗ ಹೋಗುತ್ತೇನೆ ಅನ್ನಬಾರದು ಎಂದು ನಮಗೆ ಚಿಕ್ಕಂದಿನಲ್ಲೇ ಕಲಿಸಿದ್ದಾರೆ.

ಕೊಟ್ಟೂರಿಗೆ ಬಂದ ಭಾನುವಾರ ಗ್ಯಾರೇಜಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಖಾದರ್‌ಸಾಬ್ ಯಾವ ಹಾಡು ಮೊದಲು, ಯಾರು ತಪ್ಪಿದರು, ಎಲ್ಲ ಕೇಳಿ ತಿಳಿದುಕೊಂಡರು. ಸಂಜೆ ಎದ್ದಾಗ ಮುಮ್ತಾಜಮ್ಮ ಬಾಗಿಲ ತನಕ ಬಂದರು. "ಬರ್ತೀನ್ರಿ," ಅಂದೆ ಅವರಿಗೆ.

ಹೀಗೆ ಒಂದೇ ವಾರದಲ್ಲಿ ಎರಡೂ ಊರಿಗೆ ಅದೇ ಮಾತು ಕೊಟ್ಟಿದ್ದೇನೆ. ಎರಡೂ ಕಡೆಯವರು ನನ್ನನ್ನು ನಂಬಿದ್ದಾರೆ.