ಏಳು ಪಂದ್ಯ, ಒಂದು ಗೆಲುವು ಮತ್ತು ಶ್ರೀಮತಿ ಆರ್ಲಿಸ್ ಟೇಡನ್

ಅಯೋವಾದ ಒಳಾಂಗಣ ಅಮೆರಿಕನ್ ಫುಟ್‌ಬಾಲ್ ವಲಯದಲ್ಲಿ ಅಂಕಿ ಅಂಶಗಳ ಮಾತು ಬಂದಾಗ ಮೊದಲು ನೆನಪಾಗುವ ಹೆಸರು ಶ್ರೀಮತಿ ಆರ್ಲಿಸ್ ಟೇಡನ್ ಅವರದು. ಎರಡನೆಯ ಹೆಸರು ನೆನಪಾಗುವುದಿಲ್ಲ, ಏಕೆಂದರೆ ಕೋಲ್ಟನ್ ಫಾಲ್ಸ್ ಥ್ರೆಷರ್ಸ್ ತಂಡ ಹುಟ್ಟಿದಂದಿನಿಂದ ಈ ಇಪ್ಪತ್ತೆರಡು ವರ್ಷ ಅಂಕಿ ಅಂಶ ಬರೆಯುವ ಮೇಜಿನ ಹಿಂದಿನ ಕುರ್ಚಿಯಲ್ಲಿ ಬೇರೊಬ್ಬರು ಕೂರಲು ಅವರು ಅವಕಾಶವನ್ನೇ ಕೊಟ್ಟಿಲ್ಲ. ಈ ಋತುವಿನ ಕೊನೆಗೆ, ತಮ್ಮ ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಅವರು ನಿವೃತ್ತರಾಗುತ್ತಿದ್ದಾರೆ. ಅವರ ಗುಣಗಳನ್ನು ಮಾತ್ರ ಬರೆಯಬೇಕೆಂದು ಈ ಅಭಿನಂದನಾ ಸಂಪುಟದ ಸಂಪಾದಕರು ನನ್ನನ್ನು ಎರಡು ಸಲ ಎಚ್ಚರಿಸಿದ್ದಾರೆ. ಅವರ ಗುಣಗಳೇ ನನಗೆ ಇಷ್ಟು ವರ್ಷ ತಲೆನೋವಾಗಿದ್ದವು ಎಂಬುದು ಸಂಪಾದಕರಿಗೆ ತಿಳಿಯದು.

ನಾನು ಕ್ರೀಡಾಂಗಣದ ನೆಲ ನೋಡಿಕೊಳ್ಳುವವನು. ಚಳಿಗಾಲದಲ್ಲಿ ಹಾಕಿಗೆ ಮಂಜುಗಡ್ಡೆ ಕಟ್ಟುವುದು, ವಸಂತದಲ್ಲಿ ಅದರ ಮೇಲೆ ಹಸಿರು ಹಾಸು ಉರುಳಿಸಿ ಐವತ್ತು ಗಜದ ಅಂಗಳ ಮಾಡುವುದು, ಸುತ್ತ ಗೋಡೆಗೆ ಮೆತ್ತೆ ಕಟ್ಟುವುದು, ಎರಡು ತುದಿಗೂ ಗೋಲು ಕಂಬ ಮತ್ತು ಅದರ ಆಚೀಚೆ, ತಪ್ಪಿದ ಚೆಂಡನ್ನು ಮರಳಿಸುವ ಬಲೆ ತೂಗುಹಾಕುವುದು, ಇವೆಲ್ಲ ನನ್ನ ಕೆಲಸ. ಆದರೆ ಅದಕ್ಕೂ ಮೊದಲು ನಾನು ಶ್ರೀಮತಿ ಟೇಡನ್ ಅವರ ವಿದ್ಯಾರ್ಥಿ. ಮೂವತ್ತೊಂದು ವರ್ಷ ಅವರು ನಮ್ಮ ಊರಿನ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದರು. ನಾನು ಹತ್ತನೆಯ ತರಗತಿಯಲ್ಲಿದ್ದಾಗ ನಮ್ಮ ತಂದೆ ಆಸ್ಪತ್ರೆಯಲ್ಲಿ ಮಲಗಿದ್ದರು. ಆಗ ವಾರಕ್ಕೆ ಮೂರು ಸಂಜೆ ನಮ್ಮ ಮನೆಗೆ ನಡೆದು ಬಂದು, ಅಡುಗೆಮನೆಯ ಮೇಜಿನ ಮೇಲೆ ನನಗೆ ರೇಖಾಗಣಿತ ಹೇಳಿಕೊಟ್ಟ ಆ ಮಹಾತಾಯಿಯ ಉಪಕಾರವನ್ನು ನಾನು ಎಂದೂ ಮರೆಯಲಾರೆ. ಆಮೇಲೆ ಪರೀಕ್ಷೆಯಲ್ಲಿ ನನ್ನನ್ನು ಎರಡು ಅಂಕದಿಂದ ಫೇಲು ಮಾಡಿದ್ದನ್ನೂ ಮರೆಯಲಾರೆ. ಅಷ್ಟು ಸಂಜೆ ಬಂದು ಕಲಿಸಿದವರು ಎರಡು ಅಂಕ ಕೊಟ್ಟಿದ್ದರೆ ಭೂಮಿ ಬಿರಿಯುತ್ತಿರಲಿಲ್ಲ.

ತಂಡ ಶುರುವಾದ ವರ್ಷ ಸ್ವಲ್ಪ ಹೊತ್ತು ಪೆನ್ಸಿಲು ಹಿಡಿದುಕೊಳ್ಳಿ ಎಂದು ಯಾರೋ ಅವರನ್ನು ಕೇಳಿದ್ದರಂತೆ. ಅಂದು ಹಿಡಿದ ಪೆನ್ಸಿಲನ್ನು ಅವರು ಇಂದಿಗೂ ಕೆಳಗಿಟ್ಟಿಲ್ಲ. ಯಾರು ಎಷ್ಟು ಗಜ ಓಡಿದ, ಯಾರು ಯಾರನ್ನು ಕೆಡವಿದ, ಬಲೆಗೆ ಬಡಿದು ಮರಳಿದ ಚೆಂಡು ಯಾರ ಕೈ ಸೇರಿತು, ಎಲ್ಲವೂ ಅವರ ಹಾಳೆಯ ಮೇಲೆ ಉಂಟು. ಮೂರನೆಯ ವರ್ಷ ಒಬ್ಬ ಆಟಗಾರನ ಕೊರಳೆಲುಬು ಮುರಿದಾಗ ಆಂಬುಲೆನ್ಸ್ ತಡವಾಯಿತೆಂದು ತಮ್ಮದೇ ಕಾರಿನಲ್ಲಿ ಅವನನ್ನು ಡೆ ಮಾಯ್ನ್ ನಗರದ ಆಸ್ಪತ್ರೆಯವರೆಗೆ ಕರೆದೊಯ್ದವರು ಅವರೇ. ದಾರಿಯುದ್ದಕ್ಕೂ ಅವನು ಆರು ಜನರನ್ನು ಕೆಡವಿದ್ದಲ್ಲ, ಐದೇ ಜನರನ್ನು ಎಂದು ತಿದ್ದಿದವರೂ ಅವರೇ. ಮತ್ತೊಂದು ವರ್ಷ ಮೂರು ಸಾವಿರ ಪ್ರೇಕ್ಷಕರು ಸೇರಿದ್ದಾರೆಂದು ಧ್ವನಿವರ್ಧಕದಲ್ಲಿ ಸಾರಿದಾಗ ಅವರು ಎದ್ದು ಹೋಗಿ ಸಾಲುಸಾಲಾಗಿ ಎಣಿಸಿ, ಒಂದು ಸಾವಿರದ ಒಂಬೈನೂರ ಹನ್ನೆರಡು ಎಂದು ಚೀಟಿ ಕಳಿಸಿದರು. ಆ ಚೀಟಿಯನ್ನೂ ಧ್ವನಿವರ್ಧಕದಲ್ಲೇ ಓದಬೇಕಾಯಿತು. ಇಂಥವರೊಡನೆ ಕೆಲಸ ಮಾಡುವುದೆಂದರೆ ದಿನವಿಡೀ ಬಿಗಿಯಾದ ಬೂಟು ತೊಟ್ಟು ನಿಂತ ಹಾಗೆ.

ಹದಿನಾಲ್ಕು ಪಂದ್ಯಗಳ ಋತುವಿನಲ್ಲಿ ಏಳು ಮುಗಿದ ಕೂಡಲೇ ನಮ್ಮಲ್ಲಿ ಅರ್ಧದಾರಿ ಊಟ ನಡೆಯುತ್ತದೆ. ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ಆಟಗಾರರು, ಅವರ ಮನೆಯವರು, ಋತುವಿಡೀ ಟಿಕೆಟು ಕೊಂಡವರು ಎಲ್ಲ ಸೇರುತ್ತಾರೆ. ಹಂದಿಮಾಂಸದ ಸ್ಯಾಂಡ್‌ವಿಚ್ಚು, ಆಲೂಗಡ್ಡೆ ಸಾಲಡ್ ಮುಗಿದ ಮೇಲೆ ಶ್ರೀಮತಿ ಟೇಡನ್ ಎದ್ದು ನಿಂತು ತಂಡದ ಅರ್ಧ ಋತುವಿನ ಮೌಲ್ಯಮಾಪನ ಓದುತ್ತಾರೆ. ಶಾಲೆಯ ಉತ್ತರಪತ್ರಿಕೆಯಂತೆ ಪ್ರತಿ ವಿಭಾಗಕ್ಕೂ ನೂರಕ್ಕೆ ಇಂತಿಷ್ಟು ಎಂದು ಅಂಕ. ಅವರು ಓದಿ ಮುಗಿಸುವ ತನಕ ರೂಬಾರ್ಬ್ ಎಂಬ ಹುಳಿದಂಟಿನ ಕಡುಬಿಗೆ ಯಾರೂ ಚಮಚ ಹಾಕುವ ಹಾಗಿಲ್ಲ. ಒಳ್ಳೆಯ ವರ್ಷಗಳಲ್ಲೂ ಆ ಕಡುಬು ಆರಿಹೋಗುತ್ತದೆ.

ಈ ವರ್ಷ ಏಳರಲ್ಲಿ ಒಂದು ಗೆಲುವು, ಆರು ಸೋಲು. ಹೊರ ಊರಿನ ಮೂರು ಪಂದ್ಯಗಳಲ್ಲಿ ಹಿಗ್ಗಾಮುಗ್ಗಾ ಸೋತೆವು. ಊರಿನ ನಾಲ್ಕರಲ್ಲಿ ಒಂದು ಗೆದ್ದೆವು, ಮೂರನ್ನು ಕೂದಲೆಳೆಯಲ್ಲಿ ಕಳೆದುಕೊಂಡೆವು. ನೆಬ್ರಾಸ್ಕಾದವರೆದುರು ಸೋತದ್ದಂತೂ ಒಂದೇ ಒಂದು ಅಂಕದಿಂದ. ಕೋಚ್ ಬ್ರಾಕ್ ವೆಸೆಲ್‌ಮನ್ ಅವರಿಗೆ ಇದೆಲ್ಲಕ್ಕೂ ಕಾರಣ ಸಿಕ್ಕಿತ್ತು. ಕಾರಣದ ಹೆಸರು ಎಲ್ವಿರ್ ಹಾಲಿಲೊವಿಚ್, ನಮ್ಮ ಕಿಕ್ಕರ್. ಎಲ್ವಿರನ ತಂದೆತಾಯಿ ಬೋಸ್ನಿಯಾದಿಂದ ಬಂದವರು. ಹಗಲು ಟೈರಿನ ಅಂಗಡಿಯಲ್ಲಿ ಕೆಲಸ, ಸಂಜೆ ಕಂಬಗಳ ನಡುವೆ ಚೆಂಡು ಒದೆಯುವುದು. ವಯಸ್ಸು ಮೂವತ್ತೊಂದು. ಒಂದೇ ಗೆಲುವಿನ ತಂಡವೊಂದು ಅರ್ಧ ಋತುವಿನಲ್ಲಿ ಹೊರಹಾಕಿದ ಕಿಕ್ಕರನನ್ನು ಇನ್ನೊಂದು ತಂಡ ಕರೆಯುವುದಿಲ್ಲ. ಅವನನ್ನು ಕೈಬಿಡುವ ಸುದ್ದಿಯನ್ನು ಅರ್ಧದಾರಿ ಊಟದಲ್ಲೇ ಹೇಳುವುದೆಂದು ಕೋಚ್ ತೀರ್ಮಾನಿಸಿದ್ದರು, ಅದು ಊರಿಗೆಲ್ಲ ಗೊತ್ತಿತ್ತು.

ಊಟದ ದಿನ ಮಧ್ಯಾಹ್ನ ಶ್ರೀಮತಿ ಟೇಡನ್ ಅಳತೆ ಪಟ್ಟಿ ಹಿಡಿದು ಕ್ರೀಡಾಂಗಣಕ್ಕೆ ಬಂದರು.

"ರೋಲಿ, ಏಣಿ ತಾ."

"ಯಾಕೆ ಟೀಚರ್? ಊಟಕ್ಕೆ ಇನ್ನು ಎರಡೇ ಗಂಟೆ ಇದೆ."

"ಅದಕ್ಕೇ ಬೇಗ ತಾ ಅಂತಿರೋದು. ದಕ್ಷಿಣದ ಕಂಬದ ಹತ್ರ."

ಏಣಿ ತಂದೆ. ಅವರು ತಮ್ಮ ಹಾಳೆಯನ್ನು ನನ್ನ ಮುಖಕ್ಕೆ ಹಿಡಿದರು.

"ಎಲ್ವಿರ್ ಈ ಕಡೆ ಐದು ತಪ್ಪಿಸಿದಾನೆ. ಕೋಚೂ ಎಣಿಸಿದ್ರು, ಪೇಪರ್‌ನವರೂ ಎಣಿಸಿದ್ರು, ನೀನೂ ಬಯ್ಕೊಂಡು ಎಣಿಸಿದೆ. ಎದುರು ತಂಡದವರು ಇದೇ ಕಡೆ ಎಷ್ಟು ತಪ್ಪಿಸಿದ್ರು ಅಂತ ಯಾರಾದ್ರೂ ಎಣಿಸಿದ್ರಾ?"

"ಇಲ್ಲ."

"ಅವರೂ ಐದು. ಉತ್ತರದ ಕಡೆ ಅವರದ್ದೊಂದು, ನಮ್ಮದೊಂದು. ಹತ್ತು. ಈಗ ಹತ್ತು."

ಎರಡನೆಯ ಹತ್ತು ಏಣಿಗೆ ಸಂಬಂಧಿಸಿದ್ದು. ಹತ್ತಿದೆ. ಎರಡು ಕಂಬಗಳ ನಡುವಿನ ಅಂತರ ಒಂಬತ್ತು ಅಡಿ ಇರಬೇಕು. ಎಷ್ಟಿದೆಯೆಂದು ಅಳೆಯದೆಯೇ ಹೇಳಬಲ್ಲವನು ಜಗತ್ತಿನಲ್ಲಿ ಒಬ್ಬನೇ ಇದ್ದ, ಅವನು ಏಣಿಯ ಮೇಲಿದ್ದ.

ಹಿಂದಿನ ಅಕ್ಟೋಬರಿನಲ್ಲಿ ಸಾಮಾನು ಎತ್ತುವ ಗಾಡಿ ತಗುಲಿ, ಕಂಬಗಳನ್ನು ಜೋಡಿಸುವ ಅಡ್ಡಪಟ್ಟಿಯ ಒಂದು ತುದಿ ಸೀಳಿತ್ತು. ಹೊಸ ಪೈಪು ಒಹಾಯೋದಿಂದ ಬರಬೇಕಿತ್ತು, ಆರು ವಾರ ಕಾಯಬೇಕಿತ್ತು. ನಮ್ಮ ಊರಲ್ಲಿ ಗಟ್ಟಿ ಕಬ್ಬಿಣ ಉಳಿದಿರುವ ಪೈಪನ್ನು ಯಾರೂ ಎಸೆಯುವುದಿಲ್ಲ. ನೇಗಿಲಾಗಲಿ, ಗೇಟಾಗಲಿ, ಸೀಳಿದಷ್ಟನ್ನು ಕತ್ತರಿಸಿ ಉಳಿದದ್ದಕ್ಕೆ ವೆಲ್ಡಿಂಗ್ ಮಾಡಿ ಇನ್ನಿಪ್ಪತ್ತು ವರ್ಷ ಓಡಿಸುತ್ತೇವೆ. ನಾನೂ ಹಾಗೆಯೇ ಸೀಳಿದ್ದ ಹತ್ತು ಇಂಚನ್ನು ಕತ್ತರಿಸಿ, ಕಂಬವನ್ನು ಒಳಗೆ ಸರಿಸಿ ಬೆಸೆದು, ಹಳದಿ ಬಣ್ಣ ಬಳಿದೆ. ಒಂಬತ್ತು ಅಡಿಯಲ್ಲಿ ಹತ್ತು ಇಂಚು ಯಾರ ಕಣ್ಣಿಗೆ ಬೀಳುತ್ತದೆ ಅಂದುಕೊಂಡೆ. ರೆಫರಿಗಳು ಚೆಂಡನ್ನು ಒತ್ತಿ ನೋಡುತ್ತಾರೆ, ಅಂಗಳವನ್ನು ಅಳೆಯುತ್ತಾರೆ, ಕಂಬವನ್ನು ಮಾತ್ರ ಯಾರೂ ಅಳೆಯುವುದಿಲ್ಲ.

"ಎಂಟು ಅಡಿ ಎರಡು ಇಂಚು," ಅಂದೆ.

"ಇನ್ನೊಂದ್ಸಲ ಓದು."

"ಎಷ್ಟು ಸಲ ಓದಿದ್ರೂ ಅಷ್ಟೇ ಟೀಚರ್."

ಅವರು ಬರೆದುಕೊಂಡರು. ಬೆಸುಗೆಯ ಗುರುತನ್ನು ಕೆಳಗಿನಿಂದ ಸ್ವಲ್ಪ ಹೊತ್ತು ನೋಡಿದರು. ಈ ಜಿಲ್ಲೆಯಲ್ಲಿ ಅಷ್ಟು ನೀಟಾಗಿ ಬೆಸೆಯುವವರು ಯಾರೆಂದು ಅವರಿಗೆ ಗೊತ್ತಿಲ್ಲದೆ ಇರಲಿಲ್ಲ.

"ಅಳತೆ ಬರೀತೀನಿ," ಅಂದರು. "ಯಾರು ಕತ್ತರಿಸಿದ್ದು ಅಂತ ನಾನು ನೋಡಿಲ್ಲ. ಕಣ್ಣಾರೆ ನೋಡದೇ ಇರೋದನ್ನ, ಕಿವಿಯಾರೆ ಕೇಳದೇ ಇರೋದನ್ನ ನಾನು ಇವತ್ತಿನ ತನಕ ಬರ್ದಿಲ್ಲ. ಸಂಜೆ ಬಾ."

ಬಯ್ದಿದ್ದರೆ ಸುಖವಾಗಿತ್ತು. ತರಗತಿಯಲ್ಲಿ ಎಷ್ಟೋ ಸಲ ಬಯ್ದಿದ್ದಾರೆ, ತಲೆ ತಗ್ಗಿಸಿ ನಿಂತರೆ ಮುಗಿದುಹೋಗುತ್ತಿತ್ತು. ಹೀಗೆ ನನ್ನ ತಪ್ಪನ್ನು ಮಡಿಸಿ ನನ್ನ ಜೇಬಿನಲ್ಲೇ ಇಟ್ಟು ಹೊರಟುಹೋದರೆ ಮನುಷ್ಯ ಏನು ಮಾಡಬೇಕು? ಆ ಎರಡು ಗಂಟೆ ನಾನು ಅವರ ಮೇಲೆ ಪಟ್ಟ ಸಿಟ್ಟನ್ನು ಈ ಮಂಗಳ ಸಂದರ್ಭದಲ್ಲಿ ವಿವರಿಸುವುದು ಸಭ್ಯತೆಯಲ್ಲ.

ಸಂಜೆ ನೆಲಮಾಳಿಗೆ ಕಿಕ್ಕಿರಿದಿತ್ತು. ಎಲ್ವಿರ್ ಗೋಡೆ ಪಕ್ಕದ ಮೇಜಿನಲ್ಲಿ ಹೆಂಡತಿಯ ಜೊತೆ ಕೂತಿದ್ದ, ತಟ್ಟೆ ಮುಟ್ಟಿರಲಿಲ್ಲ. ಕೋಚ್ ಎದ್ದು, ಕಂಬದ ನಡುವೆ ಚೆಂಡು ಹಾಕಲಾಗದ ಕಿಕ್ಕರನನ್ನು ಇಟ್ಟುಕೊಂಡು ಯಾವ ತಂಡವೂ ಗೆಲ್ಲಲಾರದೆಂದು ಶುರುಮಾಡಿದರು. ಶ್ರೀಮತಿ ಟೇಡನ್ ಕೈ ಎತ್ತಿದರು.

"ಕೋಚ್, ಮೊದಲು ಓದೋದು ನಾನು. ಪದ್ಧತಿ ಹಾಗಿದೆ."

ಓದಿದರು. ದಕ್ಷಿಣದ ಕಡೆ ಹತ್ತು ತಪ್ಪು, ಉತ್ತರದ ಕಡೆ ಎರಡು. ಅಡ್ಡಪಟ್ಟಿ ಹತ್ತು ಇಂಚು ಕಡಿಮೆ. ಕಿಕ್ಕರನಿಗೆ ನೂರಕ್ಕೆ ಎಂಬತ್ತಾರು. ಕೋಚ್ ಮುಖ ಕೆಂಪಾಯಿತು.

"ಕಬ್ಬಿಣ ತಾನಾಗೇ ಕುಗ್ಗಲ್ಲ ಮೇಡಂ. ಕತ್ತರಿಸಿದ್ದು ಯಾರು?"

"ಅದು ನನ್ನ ಹಾಳೇಲಿಲ್ಲ."

"ಹಾಗಾದ್ರೆ ಇದನ್ನ ನಾನು ಹೇಗೆ ನಂಬಲಿ? ಇವನನ್ನ ಉಳಿಸೋಕೆ ನಿನ್ನೆ ಯಾರಾದ್ರೂ ಕೊಯ್ದಿದ್ರೆ?"

ಶ್ರೀಮತಿ ಟೇಡನ್ ನನ್ನ ಕಡೆ ನೋಡಲಿಲ್ಲ. ಒಂದು ಸಲ, ತಪ್ಪಿಯಾದರೂ ನೋಡಿದ್ದರೆ ನಾನು ಅವರಿಗಾಗಿ ಎದ್ದೆ ಎಂದು ಹೇಳಿಕೊಳ್ಳಬಹುದಿತ್ತು. ಅಷ್ಟರಲ್ಲಿ ಎಲ್ವಿರ್ ಎದ್ದು ನಿಂತ.

"ಬಿಡಿ ಕೋಚ್," ಅಂದ. "ಕಂಬ ಎಷ್ಟಾದ್ರೂ ಇರ್ಲಿ, ಒದ್ದಿದ್ದು ನಾನು. ನನ್ನಿಂದ ಜಗಳ ಬೇಡ. ನಾನು ಹೋಗ್ತೀನಿ."

ಅವನ ಹೆಂಡತಿ ಕೋಟು ಎತ್ತಿಕೊಂಡಳು. ಆಗ ನಾನು ಎದ್ದೆ. ನನ್ನ ಕುರ್ಚಿ ಹಿಂದಕ್ಕೆ ಬಿತ್ತು.

"ಕತ್ತರಿಸಿದ್ದು ನಾನು, ಅಕ್ಟೋಬರ್‌ನಲ್ಲಿ. ವೆಲ್ಡಿಂಗೂ ನಂದೇ, ಬಣ್ಣಾನೂ ನಂದೇ. ಎಲ್ವಿರ್, ಕೂತ್ಕೋ."

ಹಿಂದಿನ ಮೇಜಿನಿಂದ ಒಬ್ಬ ಮುದುಕ ರೈತ, "ಬೆಸುಗೆ ಗಟ್ಟಿಯಾಗಿದೆಯೇನಪ್ಪ?" ಅಂತ ಕೇಳಿದ. ಗಟ್ಟಿಯಾಗಿದೆ ಅಂದೆ. ಅವನು ತಲೆಯಾಡಿಸಿದ. ಎಲ್ವಿರ್ ನನ್ನನ್ನೇ ನೋಡುತ್ತ ನಿಧಾನವಾಗಿ ಕೂತ.

ಶ್ರೀಮತಿ ಟೇಡನ್ ಜೇಬಿನಿಂದ ಕೆಂಪು ಪೆನ್ಸಿಲು ತೆಗೆದು, ಕನ್ನಡಕ ಸರಿಮಾಡಿಕೊಂಡು, ಹಾಳೆಯ ಅಂಚಿನಲ್ಲಿ ನನ್ನ ಹೆಸರು ಬರೆದರು. "ಈಗ ಕೇಳಿದೆ," ಎಂದರು, ಹಾಳೆ ತಿರುವಿದರು. ಇಲ್ಲಿಗೆ ಮುಗಿಯಿತೆಂದು ಕಡುಬಿನ ಕಡೆ ಕೈ ಚಾಚಿದವರು ಮೋಸಹೋದರು. ಒದೆತ ಒಂದಕ್ಕೆ ಒಂದೋ ಮೂರೋ ಅಂಕದ ಲೆಕ್ಕದಲ್ಲಿ ಕಂಬದಿಂದ ನಾವು ಕಳೆದುಕೊಂಡದ್ದು ಏಳು ಅಂಕ, ಎದುರಾಳಿಗಳು ಕಳೆದುಕೊಂಡದ್ದು ಐದು, ಆದ್ದರಿಂದ ನಾಲ್ಕು ಪಂದ್ಯಗಳಲ್ಲಿ ಒಟ್ಟು ನಷ್ಟ ಎರಡೇ ಅಂಕ, ಅದರಿಂದ ಸೋತದ್ದು ನೆಬ್ರಾಸ್ಕಾ ಪಂದ್ಯ ಒಂದೇ ಎಂದು ಅವರು ಎರಡನೆಯ ಪುಟದಲ್ಲಿ ಸಾಧಿಸಿ ತೋರಿಸಿದರು. ಉಳಿದ ಐದು ಸೋಲು ಅಪ್ಪಟ ನಮ್ಮ ಸಂಪಾದನೆ. ರಕ್ಷಣೆಗೆ ನೂರಕ್ಕೆ ಇಪ್ಪತ್ತೆರಡು. ಕೋಚಿಗೆ ನಲವತ್ತು. ಹೀಗೆ, ನನ್ನನ್ನು ಅಪರಾಧಿಯನ್ನಾಗಿ ಮಾಡಿದ ಐದೇ ನಿಮಿಷದಲ್ಲಿ ನನ್ನ ಅಪರಾಧ ಅಂಥ ದೊಡ್ಡದೇನೂ ಅಲ್ಲವೆಂದು ರುಜುವಾತು ಮಾಡಿದರು. ತಮ್ಮ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಅವರು ಬಿಡುವುದಿಲ್ಲ.

ಎಲ್ವಿರನನ್ನು ಯಾರೂ ಕೈಬಿಡಲಿಲ್ಲ. ಕ್ರೀಡಾಂಗಣದ ಆಡಳಿತದವರು ನನಗೆ ಹೇಳಿದ ಮಾತುಗಳನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ. ನಾನೇ ಟ್ರಕ್ಕು ಹತ್ತಿ ಒಹಾಯೋಗೆ ಹೋಗಿ ಹೊಸ ಪೈಪು ತಂದೆ.

ಎಂಟನೆಯ ಪಂದ್ಯ ನಮ್ಮ ಊರಿನಲ್ಲೇ. ಎರಡನೆಯ ಭಾಗದಲ್ಲಿ ಎಲ್ವಿರ್ ದಕ್ಷಿಣದ ಕಡೆಗೆ ಒದೆಯಲು ಬಂದ. ಇಡೀ ಊರು ಎದ್ದು ನಿಂತಿತು. ಅವನು ಒದ್ದ, ಚೆಂಡು ಎಡಗಂಬದಿಂದ ಎರಡು ಅಡಿ ಆಚೆ ಹಾದು ನೇರ ಬಲೆಗೆ ಬಡಿಯಿತು. ಮೇಜಿನ ಹಿಂದೆ ಶ್ರೀಮತಿ ಟೇಡನ್ ಕಣ್ಣು ಮಿಟುಕಿಸದೆ ಒಂದು ಗೀಟು ಹಾಕಿದರು. ಎಲ್ವಿರ್ ಗೋಡೆಯ ಪಕ್ಕ ನಿಂತಿದ್ದ ನನ್ನ ಬಳಿಗೆ ನಡೆದು ಬಂದ.

"ಅಳೆದಿದ್ಯಾ ರೋಲಿ?"

"ಮೂರು ಸಲ. ಒಂಬತ್ತು ಅಡಿ."

"ಹಾಗಾದ್ರೆ ಇದು ನಂದೇ," ಅಂದ, ನಕ್ಕ.

ಈ ಋತುವಿನಲ್ಲಿ ಅವನು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಏಳು ವಾರ ಅವನು ಬೂಟು ಬದಲಿಸಿದ್ದ, ಹೆಜ್ಜೆ ಬದಲಿಸಿದ್ದ, ತನ್ನ ಕಾಲನ್ನೇ ಅನುಮಾನಿಸಿದ್ದ, ಅದೆಲ್ಲವೂ ನನ್ನ ಹತ್ತು ಇಂಚಿನಿಂದ. ಆ ವಾರಗಳನ್ನು ನಾನು ಅವನಿಗೆ ಹಿಂದಿರುಗಿಸಲಾರೆ, ಅದಕ್ಕೆ ಇಂದಿಗೂ ನನಗೆ ನಾಚಿಕೆಯಿದೆ.

ಶ್ರೀಮತಿ ಆರ್ಲಿಸ್ ಟೇಡನ್ ಅವರಿಗೆ ದೇವರು ನೂರು ತುಂಬುವ ಆಯುಷ್ಯ ಕೊಡಲಿ, ಕಣ್ಣಿನ ಬೆಳಕನ್ನೂ ಕೈಯ ಸ್ಥಿರತೆಯನ್ನೂ ಕಾಪಾಡಲಿ. ನಿವೃತ್ತರಾದ ಮೇಲೆ ಪ್ರೇಕ್ಷಕರ ನಡುವೆ ಸುಮ್ಮನೆ ಕೂತು ಆಟ ನೋಡುತ್ತೇನೆ ಎಂದಿದ್ದಾರೆ. ಅವರು ಸುಮ್ಮನೆ ಕೂರುತ್ತಾರೆಂದು ಈ ಊರಿನಲ್ಲಿ ಯಾರೂ ನಂಬುವುದಿಲ್ಲ, ನಂಬಲು ನಮಗೆ ಇಷ್ಟವೂ ಇಲ್ಲ. ಅವರು ಎಣಿಸುತ್ತಲೇ ಇರಲಿ. ಯಾವ ತಪ್ಪು ತನ್ನದು, ಯಾವುದು ತನ್ನದಲ್ಲ ಎಂದು ತಿಳಿಯದೆ ನಮ್ಮಲ್ಲಿ ಯಾರೊಬ್ಬರೂ ಇನ್ನು ಏಳು ವಾರ ಕಳೆಯದಿರಲಿ.